ಬಿಟ್‌ಕಾಯಿನ್ ಕೊಳ್ಳದೆ, ಬಿಟ್‌ಕಾಯಿನ್‌ನಿಂದ ನಿಮ್ಮ ಫೈಲಿಗೆ ತಾರೀಖು ಹಾಕಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡಿದವರಿಗೆ ಈ ಜಗಳ ಗೊತ್ತಿರುತ್ತದೆ. ಅಡ್ವಾನ್ಸ್ ವಾಪಸ್ ಕೇಳಲು ಹೋದಾಗ ಓನರ್ ಬಾತ್‌ರೂಮಿನ ಟೈಲ್ಸ್ ತೋರಿಸಿ, "ಈ ಬಿರುಕು ನಿಮ್ಮ ಕಾಲದಲ್ಲೇ ಬಿದ್ದಿದ್ದು" ಎಂದರು. ಮನೆಗೆ ಬಂದ ದಿನವೇ ನಾನು ಆ ಬಿರುಕಿನ ಫೋಟೋ ತೆಗೆದಿಟ್ಟಿದ್ದೆ. ತೋರಿಸಿದೆ. ಅವರು ನಕ್ಕು, "ಫೋಟೋ ಡೇಟ್ ಯಾರು ಬೇಕಾದ್ರೂ ಚೇಂಜ್ ಮಾಡಬಹುದು ಸರ್, ನನ್ನ ಮಗನೇ ಮಾಡ್ತಾನೆ" ಎಂದರು. ಸಿಟ್ಟು ಬಂತು. ಆದರೆ ಮಾತು ಸುಳ್ಳಲ್ಲ. ಫೋಟೋದೊಳಗೆ ಕ್ಯಾಮೆರಾ ಬರೆದಿಡುವ ವಿವರ, ಅಂದರೆ ಎಕ್ಸಿಫ್‌ನ ತಾರೀಖನ್ನು ಬದಲಿಸಲು ಎರಡು ನಿಮಿಷ ಸಾಕು. ಕಂಪ್ಯೂಟರಿನ ಗಡಿಯಾರ ಹಿಂದಕ್ಕೆ ತಿರುಗಿಸಿ ಫೈಲ್ ಸೇವ್ ಮಾಡಿದರೆ ಅದು ಹೋದ ವರ್ಷದ ಫೈಲ್. ಹಿಂದಿನ ತಾರೀಖಿನ ಛಾಪಾ ಕಾಗದ ಹುಡುಕುವ ಕಷ್ಟವೂ ಇಲ್ಲ.

ದುಡ್ಡು ಹೋಯಿತು. ಮುಂದಿನ ಮನೆಗೆ ಹೋಗುವ ಹೊತ್ತಿಗೆ ನಾನು ಒಂದು ಕೆಲಸ ಕಲಿತಿದ್ದೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಒಂದು ಫೈಲ್ ಇಂಥ ದಿನಕ್ಕೆ ಮೊದಲೇ ಇತ್ತು, ಆಮೇಲೆ ಅದರಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ ಎಂದು ಬಿಟ್‌ಕಾಯಿನ್ ಬ್ಲಾಕ್‌ಚೈನ್ (ಬಿಟ್‌ಕಾಯಿನ್ ವ್ಯವಹಾರಗಳನ್ನು ಕಂತೆ ಕಂತೆಯಾಗಿ, ಅಂದರೆ ಬ್ಲಾಕುಗಳಾಗಿ, ಒಂದಕ್ಕೊಂದು ಗಂಟು ಹಾಕಿ ಬರೆದಿಡುವ ಸಾರ್ವಜನಿಕ ದಾಖಲೆ) ಮೂಲಕ ತೋರಿಸುವ ಕೆಲಸ. ಇದಕ್ಕೆ ಬಳಸುವುದು ಓಪನ್‌ಟೈಮ್‌ಸ್ಟ್ಯಾಂಪ್ಸ್ ಎಂಬ ಉಚಿತ ವ್ಯವಸ್ಥೆ. ಬಿಟ್‌ಕಾಯಿನ್ ಡೆವಲಪರ್ ಪೀಟರ್ ಟಾಡ್ 2016ರಲ್ಲಿ ಇದನ್ನು ಜನರ ಮುಂದಿಟ್ಟರು.

ಮೊದಲೇ ಹೇಳಿಬಿಡುತ್ತೇನೆ: ನೀವು ಬಿಟ್‌ಕಾಯಿನ್ ಕೊಳ್ಳಬೇಕಿಲ್ಲ. ವಾಲೆಟ್ ಬೇಡ, ಕೆವೈಸಿ ಬೇಡ, ಎಕ್ಸ್‌ಚೇಂಜ್ ಅಕೌಂಟ್ ಬೇಡ. ಹಾಗಾಗಿ ಕ್ರಿಪ್ಟೊ ಲಾಭದ ಮೇಲಿನ 30 ಪರ್ಸೆಂಟ್ ತೆರಿಗೆ, 1 ಪರ್ಸೆಂಟ್ ಟಿಡಿಎಸ್‌ನ ತಲೆನೋವೂ ಇಲ್ಲ. "ಬ್ಲಾಕ್‌ಚೈನ್ ಸರ್ಟಿಫಿಕೇಟ್ ಮಾಡಿಕೊಡ್ತೀವಿ, ಇಷ್ಟು ಸಾವಿರ ಕೊಡಿ" ಎಂದು ಯಾರಾದರೂ ಬಂದರೆ, ನಯವಾಗಿ ಕಳಿಸಿಬಿಡಿ.

ಹ್ಯಾಶ್ ಅಂದರೆ ಏನು

ಇಷ್ಟು ಅರ್ಥವಾದರೆ ಮುಂದಿನದೆಲ್ಲ ಸಲೀಸು. ಫೈಲನ್ನು ಶಾ-256 ಎಂಬ ಲೆಕ್ಕಕ್ಕೆ ಕೊಟ್ಟರೆ 64 ಅಕ್ಷರಗಳ ಒಂದು ಸಾಲು ಹೊರಬರುತ್ತದೆ. ಅದೇ ಆ ಫೈಲಿನ ಹ್ಯಾಶ್. 0ರಿಂದ 9, ಆಮೇಲೆ ಎ-ಯಿಂದ ಎಫ್, ಅಷ್ಟೇ ಅಕ್ಷರಗಳು. ಒಂದು ಸಾಲಿನ ನೋಟ್ ಆದರೂ 64, ಎರಡು ಗಂಟೆಯ ವಿಡಿಯೋ ಆದರೂ 64. ಫೈಲಿನಲ್ಲಿ ಒಂದು ಚುಕ್ಕೆ ಬದಲಿಸಿದರೂ ಸಾಲು ಪೂರ್ತಿ ಬೇರೆ ಬರುತ್ತದೆ. ಸಾಲನ್ನು ನೋಡಿ ಫೈಲಿನಲ್ಲಿ ಏನಿದೆ ಎಂದು ಹೇಳಲು ಆಗುವುದಿಲ್ಲ. ಒಂದೇ ಹ್ಯಾಶ್ ಬರುವ ಎರಡು ಬೇರೆ ಫೈಲುಗಳನ್ನು ಶಾ-256ರಲ್ಲಿ ಇದುವರೆಗೆ ಯಾರೂ ತೋರಿಸಿಲ್ಲ. ಹಳೆಯ ಶಾ-1ರಲ್ಲಿ 2017ರಲ್ಲೇ ತೋರಿಸಿಬಿಟ್ಟರು, ಅದನ್ನು ಬಳಸಬೇಡಿ.

ಹಾಗಾಗಿ ಫೈಲನ್ನು ಎಲ್ಲೂ ಹಾಕುವುದು ಬೇಡ. ಅದರ ಹ್ಯಾಶ್‌ಗೆ ತಾರೀಖು ಸಿಕ್ಕರೆ ಫೈಲಿಗೇ ಸಿಕ್ಕಂತೆ.

ಈಗ ಕನ್ನಡದಲ್ಲಿ ಬರೆಯುವವರಿಗೆ ಸಿಗುವ ಒಂದು ತಮಾಷೆ. "ಕೊಡು" ಎಂದು ಟೈಪ್ ಮಾಡಿ. ಅದರಲ್ಲಿ ಒಕಾರದ ಗುರುತನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಒಂದೇ ಚಿಹ್ನೆಯಾಗಿ ಇಡಬಹುದು, ಇಲ್ಲವೇ ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂದು ಬಿಡಿಸಿ ಎರಡಾಗಿ ಇಡಬಹುದು. ಪರದೆ ಮೇಲೆ ಎರಡೂ "ಕೊಡು" ಅಂತಲೇ ಕಾಣುತ್ತವೆ, ಅಮ್ಮನಾಣೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ರೀತಿ) ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. ಮೊದಲನೆಯದು 12 ಬೈಟ್, ಎರಡನೆಯದು 15 ಬೈಟ್. ಹ್ಯಾಶ್ ಎರಡಕ್ಕೂ ಪೂರ್ತಿ ಬೇರೆ. ಅಂದರೆ ಸ್ಟ್ಯಾಂಪ್ ಮಾಡಿದ (ಹೀಗೆ ತಾರೀಖು ಹಾಕಿಸಿದ) ಕಥೆಯನ್ನು ಕಾಪಿ ಮಾಡಿ ಇನ್ನೊಂದು ಕಡೆ ಪೇಸ್ಟ್ ಮಾಡಿ ಇಟ್ಟುಕೊಂಡರೆ, ಓದಲು ಅದೇ ಕಥೆ, ಸಾಕ್ಷಿಗೆ ಅದು ಬೇರೆ ಫೈಲ್. ನುಡಿ, ಬರಹದ ಹಳೇ ಫೈಲನ್ನು ಯೂನಿಕೋಡ್‌ಗೆ ಪರಿವರ್ತಿಸಿದರೂ ಅಷ್ಟೇ. ಫೈಲ್ ಹೇಗೆ ಇತ್ತೋ ಹಾಗೇ ಇರಬೇಕು.

ಬ್ಲಾಕ್‌ಚೈನೇ ಯಾಕೆ

ಈ ಯೋಚನೆ ಬಿಟ್‌ಕಾಯಿನ್‌ಗಿಂತ ಹಳೆಯದು. 1991ರಲ್ಲಿ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೋರ್ನೆಟಾ ಎಂಬ ಇಬ್ಬರು, ಡಿಜಿಟಲ್ ದಾಖಲೆಗೆ ಮೋಸವಿಲ್ಲದೆ ತಾರೀಖು ಹಾಕುವುದು ಹೇಗೆ ಎಂದು ಬರೆದರು. ಪ್ರತಿ ದಾಖಲೆಯ ಹ್ಯಾಶ್ ಅನ್ನು ಹಿಂದಿನದಕ್ಕೆ ಗಂಟು ಹಾಕುತ್ತಾ ಹೋಗಿ, ಆಗ ಮಧ್ಯದ್ದನ್ನು ಯಾರೂ ಬದಲಿಸಲಾರರು ಎನ್ನುವುದು ಅವರ ವಾದ. ಅವರ ಕಂಪನಿ 1995ರಿಂದ ವಾರಕ್ಕೊಂದು ಹ್ಯಾಶ್ ಅನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತಿನಲ್ಲಿ ಹಾಕಿಸುತ್ತಿತ್ತು, ಅದೂ ಕಳೆದುಹೋದ-ಸಿಕ್ಕಿದ ವಸ್ತುಗಳ ಅಂಕಣದಲ್ಲಿ. ನೋಡಿ, ಎಷ್ಟು ಸರಳ. ಊರೂರಿಗೆ ಹಂಚಿಹೋದ ಪೇಪರನ್ನು ವಾಪಸ್ ತಂದು ತಿದ್ದಲು ಯಾರಿಗೆ ಆಗುತ್ತದೆ? ಸತೋಷಿ ನಾಕಾಮೊಟೊ 2008ರಲ್ಲಿ ಬರೆದ ಬಿಟ್‌ಕಾಯಿನ್ ಪ್ರಬಂಧದಲ್ಲಿ ಒಟ್ಟು 8 ಆಧಾರಗಳಿವೆ, ಅದರಲ್ಲಿ 3 ಈ ಇಬ್ಬರದೇ. ದುಡ್ಡಿನ ಗಲಾಟೆಯಲ್ಲಿ ಜನ ಇದನ್ನು ಮರೆತಿದ್ದಾರೆ.

ಬಿಟ್‌ಕಾಯಿನ್‌ನ ಮೊದಲ ಬ್ಲಾಕಿನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯ 3 ಜನವರಿ 2009ರ ಒಂದು ಹೆಡ್‌ಲೈನ್ ಇದೆ. ಆ ಬ್ಲಾಕ್ ಅದಕ್ಕಿಂತ ಮೊದಲು ತಯಾರಾಗಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಲ್ಲಿಂದೀಚೆಗೆ ಸುಮಾರು 10 ನಿಮಿಷಕ್ಕೊಂದು ಬ್ಲಾಕ್ ಸೇರುತ್ತಲೇ ಇದೆ. ಹಳೇ ಬ್ಲಾಕ್ ಬದಲಿಸಬೇಕೆಂದರೆ ಅದರ ಮೇಲಿನ ಎಲ್ಲ ಬ್ಲಾಕುಗಳ ಲೆಕ್ಕವನ್ನೂ ಮತ್ತೆ ಮಾಡಬೇಕು, ಆ ಕರೆಂಟ್ ಬಿಲ್ ಕಟ್ಟುವವರು ಯಾರೂ ಇಲ್ಲ. ಚಿಕ್ಕ ಚೈನುಗಳಲ್ಲಿ ಈ ಧೈರ್ಯ ಹೇಳಲಾಗದು. ಇಥೀರಿಯಂ ಕ್ಲಾಸಿಕ್ ಎಂಬ ಚೈನ್ ಮೇಲೆ 2020ರ ಆಗಸ್ಟ್ ಒಂದೇ ತಿಂಗಳಲ್ಲಿ ಮತ್ತೆ ಮತ್ತೆ ದಾಳಿಯಾಗಿ ಸಾವಿರಾರು ಬ್ಲಾಕುಗಳು ಬದಲಾದವು. ತಾರೀಖಿನ ಕೆಲಸಕ್ಕೆ ಅಂಥ ಚೈನ್ ಬೇಡ.

ಹಂತ 1: ಫೈಲನ್ನು ಹೆಪ್ಪುಗಟ್ಟಿಸಿ

ಜನ ಎಡವುವುದು ಇಲ್ಲೇ, ಅದಕ್ಕೇ ಇದನ್ನು ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಫೋಟೋ ಆದರೆ ಫೋನಿನಿಂದ ಕೇಬಲ್ ಹಾಕಿ ಕಂಪ್ಯೂಟರಿಗೆ ತೆಗೆದುಕೊಳ್ಳಿ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿ, ಎಕ್ಸಿಫ್ ತೆಗೆದು ಕಳಿಸುತ್ತದೆ. ಅಲ್ಲಿ ಬಂದದ್ದು ನಿಮ್ಮ ಮೂಲ ಫೈಲ್ ಅಲ್ಲ. ವಾಟ್ಸಾಪೇ ಬೇಕೆಂದರೆ ಡಾಕ್ಯುಮೆಂಟ್ ಅಂತ ಕಳಿಸಿ. ಐಫೋನ್ ಇರುವವರು ಗಮನಿಸಿ, ಕಂಪ್ಯೂಟರಿಗೆ ಹಾಕುವಾಗ ಅದು ಹೀಕ್ ನಮೂನೆಯ ಫೋಟೋವನ್ನು ಸುಮ್ನೆ ಜೆಪೆಗ್ ನಮೂನೆಗೆ ಬದಲಿಸಿಬಿಡಬಹುದು. ಸೆಟ್ಟಿಂಗ್ಸ್‌ನಲ್ಲಿ ಮೂಲ ಫೈಲನ್ನೇ ಉಳಿಸಿಕೊಳ್ಳುವ ಆಯ್ಕೆ ಹಾಕಿಕೊಳ್ಳಿ.

ವರ್ಡ್ ಫೈಲ್ ಆದರೆ ಪಿಡಿಎಫ್ ಮಾಡಿ ಅದನ್ನು ಸ್ಟ್ಯಾಂಪ್ ಮಾಡಿ. ವರ್ಡ್ ಫೈಲನ್ನು ನಾಳೆ ತೆರೆದು ಏನೂ ಬದಲಿಸದೆ ಸೇವ್ ಒತ್ತಿದರೂ ಒಳಗಿನ ವಿವರ ಬದಲಾಗಿ ಹ್ಯಾಶ್ ಕೈಕೊಡುತ್ತದೆ. ಫೋಟೋವನ್ನು ನೇರ ಮಾಡಲು ರೊಟೇಟ್ ಮಾಡಿದಿರೋ, ಅದೂ ಹೋಯಿತು. ಫೈಲಿನ ಹೆಸರು ಮಾತ್ರ ಬದಲಿಸಬಹುದು, ಹೆಸರು ಹ್ಯಾಶ್ ಲೆಕ್ಕದಲ್ಲಿ ಬರುವುದಿಲ್ಲ.

ನೂರು ಫೋಟೋ ಇದ್ದರೆ? ಜಿಪ್ ಮಾಡೋಣ ಎನ್ನಿಸುತ್ತದೆ. ಮಾಡಬಹುದು, ಆದರೆ ಎರಡು ತೊಂದರೆ. ಮೂಲ ಜಿಪ್ ಕಳೆದುಹೋಗಿ ಅದೇ ಫೋಟೋಗಳನ್ನು ಮತ್ತೆ ಜಿಪ್ ಮಾಡಿದರೆ ಹ್ಯಾಶ್ ಹೊಂದುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಇನ್ನೊಂದು, ಒಂದು ಫೋಟೋ ತೋರಿಸಲು ಇಡೀ ಜಿಪ್ ಕೊಡಬೇಕಾಗುತ್ತದೆ, ಅದರಲ್ಲಿ ಮನೆಯವರ ಫೋಟೋವೂ ಇರಬಹುದು ಅಲ್ವಾ. ಅದರ ಬದಲು ಬಿಡಿ ಬಿಡಿಯಾಗಿಯೇ ಸ್ಟ್ಯಾಂಪ್ ಮಾಡಿ, ಒಂದೇ ಕಮಾಂಡಿನಲ್ಲಿ ಆಗುತ್ತದೆ, ಕೆಳಗೆ ಹೇಳಿದ್ದೇನೆ.

ಹೆಪ್ಪುಗಟ್ಟಿಸಿದ ಫೈಲುಗಳನ್ನು ಒಂದು ಹೊಸ ಫೋಲ್ಡರಿಗೆ ಹಾಕಿ. ಪ್ರಾಪರ್ಟೀಸ್‌ಗೆ ಹೋಗಿ ರೀಡ್-ಓನ್ಲಿ ಮಾಡಿಬಿಡಿ. ಫೋಲ್ಡರಿನ ಹೆಸರಲ್ಲೇ "ಮುಟ್ಟಬೇಡಿ" ಎಂದು ಬರೆಯಿರಿ. ನಗಬೇಡಿ, ನಮ್ಮ ಮನೆಯಲ್ಲಿ ಅದರಿಂದಲೇ ಉಳಿದಿದೆ.

ಹಂತ 2: ಹ್ಯಾಶ್ ತೆಗೆದು ನೋಡಿ

ಇದು ಕಡ್ಡಾಯವಲ್ಲ, ಆದರೆ ಒಮ್ಮೆ ಮಾಡಿದರೆ ನಂಬಿಕೆ ಬರುತ್ತದೆ. ಕಮಾಂಡುಗಳನ್ನು ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ಇಲ್ಲಿ ಉಚ್ಚಾರಣೆ ಮಾತ್ರ ಕೊಡುತ್ತಿದ್ದೇನೆ. ವಿಂಡೋಸ್‌ನ ಪವರ್‌ಶೆಲ್ ತೆರೆದು "ಗೆಟ್-ಫೈಲ್‌ಹ್ಯಾಶ್" ಎಂದು ಬರೆದು, ಜಾಗ ಬಿಟ್ಟು ಫೈಲಿನ ಹೆಸರು ಕೊಡಿ. ಲಿನಕ್ಸ್‌ನಲ್ಲಿ "ಶಾ256ಸಮ್". ಮ್ಯಾಕ್‌ನಲ್ಲಿ "ಶಾಸಮ್", ಜಾಗ, ಅಡ್ಡಗೆರೆ ಎ, ಜಾಗ, 256, ಆಮೇಲೆ ಫೈಲ್ ಹೆಸರು. 64 ಅಕ್ಷರ ಬರುತ್ತದೆ. ಈಗ ಫೈಲನ್ನು ಕಾಪಿ ಮಾಡಿ, ಕಾಪಿಯಲ್ಲಿ ಒಂದು ಅಲ್ಪವಿರಾಮ ಸೇರಿಸಿ ಮತ್ತೆ ಹ್ಯಾಶ್ ತೆಗೆಯಿರಿ. ಎರಡು ಸಾಲನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಹಂತ 3: ಸ್ಟ್ಯಾಂಪ್ ಮಾಡಿ

ಸುಲಭದ ದಾರಿ ಓಪನ್‌ಟೈಮ್‌ಸ್ಟ್ಯಾಂಪ್ಸ್‌ನ ವೆಬ್‌ಸೈಟ್. ಹೆಸರಿನ ಮುಂದೆ ಡಾಟ್ ಆರ್ಗ್ ಹಾಕಿದರೆ ಸಿಗುತ್ತದೆ. ಅಲ್ಲಿನ ಚೌಕದೊಳಗೆ ಫೈಲನ್ನು ಎಳೆದು ಬಿಡಿ. ಹ್ಯಾಶ್ ಲೆಕ್ಕ ನಿಮ್ಮ ಬ್ರೌಸರಿನಲ್ಲೇ ನಡೆಯುತ್ತದೆ, ಫೈಲ್ ನಿಮ್ಮ ಕಂಪ್ಯೂಟರ್ ಬಿಟ್ಟು ಆಚೆ ಹೋಗುವುದಿಲ್ಲ. ಕೆಲವೇ ಕ್ಷಣದಲ್ಲಿ ಡಾಟ್ ಓಟಿಎಸ್ ಎಂದು ಕೊನೆಯಾಗುವ ಒಂದು ಪುಟ್ಟ ಫೈಲ್ ಡೌನ್‌ಲೋಡ್ ಆಗುತ್ತದೆ. ಅದೇ ನಿಮ್ಮ ರಸೀದಿ. ಮೂಲ ಫೈಲಿನ ಪಕ್ಕದಲ್ಲೇ ಅದನ್ನು ಇಡಿ.

ಆಗಾಗ ಮಾಡುವವರಿಗೆ ಕಮಾಂಡ್ ಒಳ್ಳೆಯದು. ಪೈಥಾನ್ ಇದ್ದರೆ "ಪಿಪ್3 ಇನ್‌ಸ್ಟಾಲ್ ಓಪನ್‌ಟೈಮ್‌ಸ್ಟ್ಯಾಂಪ್ಸ್-ಕ್ಲೈಂಟ್" ಎಂದು ಹಾಕಿ. ಆಮೇಲೆ ಫೋಲ್ಡರಿಗೆ ಹೋಗಿ "ಓಟಿಎಸ್ ಸ್ಟ್ಯಾಂಪ್" ಎಂದು ಬರೆದು ಫೈಲ್ ಹೆಸರು ಕೊಡಿ. ನೂರು ಫೋಟೋ ಇದ್ದರೆ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಹೆಸರಿನ ಜಾಗದಲ್ಲಿ ನಕ್ಷತ್ರದ ಗುರುತು ಹಾಕಿ ಡಾಟ್ ಜೆಪಿಜಿ ಎನ್ನಿ. ಪ್ರತಿ ಫೋಟೋಗೂ ಅದರದೇ ಓಟಿಎಸ್ ಫೈಲ್ ಸಿಗುತ್ತದೆ. ಬೇಕಾದ ಒಂದನ್ನು ಮಾತ್ರ ತೋರಿಸಬಹುದು, ಉಳಿದ 99 ನಿಮ್ಮ ಹತ್ತಿರವೇ ಇರುತ್ತವೆ.

ಒಳಗೆ ಏನಾಯಿತು? ನಿಮ್ಮ ಹ್ಯಾಶ್‌ಗೆ ಮೊದಲು ಒಂದು ಗೊತ್ತುಗುರಿಯಿಲ್ಲದ ಸಂಖ್ಯೆ ಸೇರಿಸಿ ಮತ್ತೆ ಹ್ಯಾಶ್ ಮಾಡುತ್ತಾರೆ, ಹಾಗಾಗಿ ಸರ್ವರಿನವರಿಗೆ ನಿಮ್ಮ ಫೈಲಿನ ನಿಜವಾದ ಹ್ಯಾಶ್ ಕೂಡ ಸಿಗುವುದಿಲ್ಲ. ಅದು ಕ್ಯಾಲೆಂಡರ್ ಎಂಬ ಸರ್ವರುಗಳಿಗೆ ಹೋಗುತ್ತದೆ. ಅವು ಒಂದಕ್ಕಿಂತ ಜಾಸ್ತಿ ಇವೆ, ಬೇರೆ ಬೇರೆಯವರು ನಡೆಸುತ್ತಾರೆ. ಹೀಗೆ ಲೋಕದ ನಾನಾ ಕಡೆಯಿಂದ ಬಂದ ಹ್ಯಾಶ್‌ಗಳನ್ನು ಕ್ಯಾಲೆಂಡರ್ ಜೋಡಿ ಜೋಡಿಯಾಗಿ ಸೇರಿಸಿ ಹ್ಯಾಶ್ ಮಾಡುತ್ತದೆ. ಬಂದ ಫಲಿತಾಂಶಗಳನ್ನು ಮತ್ತೆ ಜೋಡಿ ಮಾಡುತ್ತದೆ. ಕೊನೆಗೆ ಒಂದೇ ಹ್ಯಾಶ್ ಉಳಿಯುತ್ತದೆ. ಹತ್ತು ಲಕ್ಷ ಫೈಲ್ ಇದ್ದರೂ ನಿಮ್ಮ ಫೈಲಿನಿಂದ ತುದಿ ಮುಟ್ಟಲು 20 ಮೆಟ್ಟಿಲು ಸಾಕು. ಇದಕ್ಕೆ ಮರ್ಕಲ್ ಮರ ಎನ್ನುತ್ತಾರೆ. ಆ ತುದಿಯ ಹ್ಯಾಶ್ ಮಾತ್ರ ಒಂದು ಬಿಟ್‌ಕಾಯಿನ್ ವ್ಯವಹಾರದಲ್ಲಿ ಕೂರುತ್ತದೆ. ಫೀ ಕಟ್ಟುವವರು ಕ್ಯಾಲೆಂಡರಿನವರು, ಒಂದು ವ್ಯವಹಾರದ ಖರ್ಚು ಎಲ್ಲರಿಗೂ ಹಂಚಿಹೋಗುವುದರಿಂದ ನಿಮ್ಮ ಪಾಲು ಲೆಕ್ಕಕ್ಕೇ ಸಿಗದಷ್ಟು. ಮದುವೆ ಮನೆಗೆ ಒಂದೇ ಬಸ್ಸು ಮಾಡಿಕೊಂಡು ಹೋದ ಹಾಗೆ.

ಈ ಬಸ್ಸು ಎಷ್ಟು ದೊಡ್ಡದು ಎಂದು ಕೇಳಿದರೆ: 2017ರಲ್ಲಿ ಟಾಡ್ ಅವರು ಇಂಟರ್‌ನೆಟ್ ಆರ್ಕೈವ್‌ನ ಸುಮಾರು 75 ಕೋಟಿ ಫೈಲುಗಳಿಗೆ ಒಂದೇ ವ್ಯವಹಾರದಲ್ಲಿ ತಾರೀಖು ಹಾಕಿಸಿದರು.

ಹಂತ 4: ಕಾಯಿರಿ, ಆಮೇಲೆ ಮರೆಯದೆ ಅಪ್‌ಗ್ರೇಡ್ ಮಾಡಿ

ಈಗ ಕೈಯಲ್ಲಿರುವ ಓಟಿಎಸ್ ಫೈಲ್ ಅರ್ಧ ಮಾತ್ರ. "ನಿಮ್ಮ ಹ್ಯಾಶ್ ಬಂದಿದೆ, ಚೈನಿಗೆ ಹಾಕುತ್ತೇವೆ" ಎಂದು ಕ್ಯಾಲೆಂಡರ್ ಕೊಟ್ಟ ಮಾತು ಅಷ್ಟೇ. ಬ್ಲಾಕಿಗೆ ಸೇರಿ ಪಕ್ಕಾ ಆಗಲು ಕೆಲವು ಗಂಟೆ ಹಿಡಿಯುತ್ತದೆ. ನಾನು ರಾತ್ರಿ ಸ್ಟ್ಯಾಂಪ್ ಮಾಡಿ ಮಲಗಿ, ಬೆಳಿಗ್ಗೆ ಕಾಫಿ ಕುಡಿಯುತ್ತಾ "ಓಟಿಎಸ್ ಅಪ್‌ಗ್ರೇಡ್" ಎಂದು ಬರೆದು ಓಟಿಎಸ್ ಫೈಲಿನ ಹೆಸರು ಕೊಡುತ್ತೇನೆ. ಆಗ ನಿಮ್ಮ ಫೈಲಿನಿಂದ ಬ್ಲಾಕಿನವರೆಗಿನ ಎಲ್ಲ ಮೆಟ್ಟಿಲುಗಳೂ ಆ ಓಟಿಎಸ್ ಫೈಲಿನೊಳಗೇ ಬಂದು ಕೂರುತ್ತವೆ. ಹಳೆಯದನ್ನು ಬ್ಯಾಕ್ ಎಂಬ ಹೆಸರಲ್ಲಿ ಅದೇ ಉಳಿಸಿಡುತ್ತದೆ.

ಒಮ್ಮೆ ಅಪ್‌ಗ್ರೇಡ್ ಆಯಿತೆಂದರೆ ನಾಳೆ ಕ್ಯಾಲೆಂಡರ್ ಮುಚ್ಚಿದರೂ, ವೆಬ್‌ಸೈಟ್ ಮಾಯವಾದರೂ ಚಿಂತೆಯಿಲ್ಲ. ಮೂಲ ಫೈಲ್, ಓಟಿಎಸ್ ಫೈಲ್, ಬಿಟ್‌ಕಾಯಿನ್ ಚೈನ್, ಈ ಮೂರಿದ್ದರೆ ಸಾಕು. ನಾನು ಒಮ್ಮೆ ಅಪ್‌ಗ್ರೇಡ್ ಮರೆತು ತಿಂಗಳುಗಟ್ಟಲೆ ಬಿಟ್ಟಿದ್ದೆ. ಕ್ಯಾಲೆಂಡರ್ ಇನ್ನೂ ಜೀವಂತ ಇತ್ತು, ಬಚಾವಾದೆ. ಫೋನಿನಲ್ಲಿ ಮಾರನೆಯ ದಿನಕ್ಕೆ ಒಂದು ರಿಮೈಂಡರ್ ಇಟ್ಟುಕೊಳ್ಳಿ.

ಹಂತ 5: ಪರೀಕ್ಷೆ ಮಾಡಿ

ವೆಬ್‌ಸೈಟಿನಲ್ಲಿ ಓಟಿಎಸ್ ಫೈಲನ್ನು ಎಳೆದುಬಿಟ್ಟು, ಅದು ಕೇಳಿದಾಗ ಮೂಲ ಫೈಲನ್ನೂ ಕೊಟ್ಟರೆ ಯಾವ ಬ್ಲಾಕ್, ಯಾವ ದಿನ ಎಂದು ಹೇಳುತ್ತದೆ. ಮನೆಮಟ್ಟಿಗೆ ಇದು ಸಾಕು. ಆದರೆ ಆಗ ನೀವು ವೆಬ್‌ಸೈಟನ್ನು ನಂಬಿದಂತೆ ಆಯಿತು. ಯಾರನ್ನೂ ನಂಬದೆ ನೋಡಬೇಕೆಂದರೆ ನಿಮ್ಮದೇ ಬಿಟ್‌ಕಾಯಿನ್ ಕೋರ್ ನೋಡ್ (ಇಡೀ ಚೈನನ್ನು ತಾನೇ ಇಳಿಸಿಕೊಂಡು ಪರೀಕ್ಷಿಸುವ ತಂತ್ರಾಂಶ) ಓಡಿಸಿ "ಓಟಿಎಸ್ ವೆರಿಫೈ" ಕೊಡಬೇಕು. ಹಳೇ ಬ್ಲಾಕ್ ಅಳಿಸುತ್ತಾ ಹೋಗುವ ಪ್ರೂನ್ ನೋಡ್ ಆದರೂ ಆಗುತ್ತದೆ, ಡಿಸ್ಕ್ ಜಾಗ ಕಡಿಮೆ ಸಾಕು, ಆದರೆ ಮೊದಲ ಸಲ ನೂರಾರು ಜಿಬಿ ಡೌನ್‌ಲೋಡ್ ಆಗಲೇಬೇಕು. ಬಾಡಿಗೆ ಮನೆ ಫೋಟೋಗೆ ಇಷ್ಟೆಲ್ಲ ಬೇಡ, ನಿಜ.

ನಡುವಿನ ದಾರಿ ಒಂದಿದೆ, ನಾನು ಅದನ್ನೇ ಬಳಸುವುದು. "ಓಟಿಎಸ್ ಇನ್ಫೊ" ಎಂದು ಓಟಿಎಸ್ ಫೈಲಿನ ಹೆಸರು ಕೊಡಿ. ಮೆಟ್ಟಿಲು ಮೆಟ್ಟಿಲಾಗಿ ಎಲ್ಲ ತೋರಿಸಿ ಕೊನೆಯಲ್ಲಿ ಬ್ಲಾಕ್ ನಂಬರ್ ಮತ್ತು ಆ ಬ್ಲಾಕಿನ ಮರ್ಕಲ್ ರೂಟ್, ಅಂದರೆ ಆ ಬ್ಲಾಕಿನ ಮರದ ತುದಿಯ ಹ್ಯಾಶ್, ಕೊಡುತ್ತದೆ. ಈಗ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂರು ಬ್ಲಾಕ್ ಎಕ್ಸ್‌ಪ್ಲೋರರ್ (ಚೈನಿನ ಬ್ಲಾಕುಗಳನ್ನು ತೋರಿಸುವ ವೆಬ್‌ಸೈಟ್) ತೆರೆದು ಆ ನಂಬರಿನ ಬ್ಲಾಕ್ ಹುಡುಕಿ. ಅಲ್ಲಿನ ಮರ್ಕಲ್ ರೂಟ್ ಇಲ್ಲಿನದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಿದರೆ ಮುಗಿಯಿತು. ಕಲಿಯಲು ಒಂದು ಸಿದ್ಧ ಉದಾಹರಣೆಯೂ ಇದೆ. ಓಟಿಎಸ್ ಕ್ಲೈಂಟಿನ ಮೂಲ ಕೋಡಿನ ಜೊತೆ ಬರುವ "ಹಲೋ ವರ್ಲ್ಡ್" ಫೈಲ್ 358391ನೇ ಬ್ಲಾಕಿಗೆ ಸೇರಿದೆ, ತಾರೀಖು 28 ಮೇ 2015.

ಆಮೇಲೆ ಹಂತ 2ರಲ್ಲಿ ಅಲ್ಪವಿರಾಮ ಸೇರಿಸಿದ ಕಾಪಿ ಇದೆಯಲ್ಲ, ಅದನ್ನು ಕೊಟ್ಟು ವೆರಿಫೈ ಮಾಡಿ. ಫೇಲ್ ಆಗಬೇಕು. ಆಗದಿದ್ದರೆ ನೀವು ತಪ್ಪು ಫೈಲ್ ಕೊಟ್ಟಿದ್ದೀರಿ.

ತಾರೀಖಿನ ಬಗ್ಗೆ ಒಂದು ಮಾತು. ನಿಮಿಷ, ಸೆಕೆಂಡಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬ್ಲಾಕಿನ ಸಮಯ ಹಾಕುವುದು ಮೈನರ್, ಅಂದರೆ ಆ ಬ್ಲಾಕ್ ತಯಾರಿಸಿದವರು. ಅದು ಹಿಂದಿನ 11 ಬ್ಲಾಕುಗಳ ಮಧ್ಯದ ಸಮಯಕ್ಕಿಂತ ಮುಂದಿರಬೇಕು, ಆ ಹೊತ್ತಿನ ಗಡಿಯಾರದಿಂದ ಎರಡು ಗಂಟೆಗಿಂತ ಜಾಸ್ತಿ ಮುಂದೆ ಹೋಗಬಾರದು, ಇಷ್ಟೇ ನಿಯಮ. ಅದಕ್ಕೇ ಕ್ಲೈಂಟ್ ಗಂಟೆ ಹೇಳದೆ ದಿನ ಮಾತ್ರ ಹೇಳುತ್ತದೆ. ನಮಗೆ ದಿನ ಸಾಕು. ಹಲ್ಮಿಡಿ ಶಾಸನದಲ್ಲಿ ತಾರೀಖೇ ಇಲ್ಲ, ಲಿಪಿ ನೋಡಿ ಸುಮಾರು 450 ಎನ್ನುತ್ತಾರೆ, ಇವತ್ತಿಗೂ ವಾದ ಮುಗಿದಿಲ್ಲ. ಬಾದಾಮಿಯ ಮೂರನೇ ಗುಹೆಯ ಶಾಸನದಲ್ಲಿ ಶಕವರ್ಷ 500 ಎಂದು ಕೆತ್ತಿದ್ದಾರೆ, ಅಂದರೆ ಕ್ರಿ.ಶ. 578, ಅಲ್ಲಿ ಆ ಜಗಳವಿಲ್ಲ.

ಇದರಿಂದ ಏನು ಸಾಬೀತಾಗುವುದಿಲ್ಲ

ಇದನ್ನು ಓದದೆ ಯಾರೂ ಸ್ಟ್ಯಾಂಪ್ ಮಾಡಬೇಡಿ. ಫೈಲ್ ಆ ದಿನಕ್ಕೆ ಮೊದಲೇ ಇತ್ತು ಎನ್ನುವುದಷ್ಟೇ ಸಾಬೀತು. ಯಾರು ಬರೆದರು ಎಂದು ಅಲ್ಲ. ನಿಮ್ಮ ಕವಿತೆಯನ್ನು ನಾನು ಕದ್ದು ನಿಮಗಿಂತ ಮೊದಲು ಸ್ಟ್ಯಾಂಪ್ ಮಾಡಿದರೆ ಚೈನಿಗೆ ಏನು ಗೊತ್ತು? ಫೈಲಿನಲ್ಲಿರುವುದು ನಿಜ ಎಂದೂ ಅಲ್ಲ. ಸುಳ್ಳು ಬರೆದು ಸ್ಟ್ಯಾಂಪ್ ಮಾಡಿದರೆ ಅದು ತಾರೀಖು ಇರುವ ಸುಳ್ಳು.

ಭವಿಷ್ಯ ಹೇಳುವವರ ಆಟವೂ ಹೀಗೇ. ಐಪಿಎಲ್ ಶುರುವಾಗುವ ಮುಂಚೆ "ಈ ಸಲ ಕಪ್ ನಮ್ದೇ" ಎಂದು ಒಂದು ಫೈಲ್, ಉಳಿದ ಪ್ರತಿ ತಂಡದ ಹೆಸರಲ್ಲಿ ಒಂದೊಂದು ಫೈಲ್ ಮಾಡಿ ಎಲ್ಲವನ್ನೂ ಸ್ಟ್ಯಾಂಪ್ ಮಾಡಿ. ಫೈನಲ್ ಮುಗಿದ ಮೇಲೆ ಗೆದ್ದದ್ದನ್ನು ಮಾತ್ರ ತೋರಿಸಿ, ಉಳಿದದ್ದನ್ನು ಅಳಿಸಿ. ಸಾಕ್ಷಿ ನೂರಕ್ಕೆ ನೂರು ಸರಿ, ಭವಿಷ್ಯ ಬೊಗಳೆ. ಯಾರಾದರೂ ಇಂಥದ್ದು ತಂದು ತೋರಿಸಿದರೆ "ಇನ್ನು ಎಷ್ಟು ಫೈಲ್ ಮಾಡಿದ್ರಿ ಸ್ವಾಮಿ?" ಎಂದು ಕೇಳಿ.

ಇನ್ನೊಂದು ಕಡೆಯೂ ತೆರೆದೇ ಇದೆ. ಫೈಲ್ ಈ ದಿನದ ಒಳಗೆ ಇತ್ತು ಎಂದಾಯಿತು, ಆದರೆ ಎಷ್ಟು ಹಳೆಯದು? ಹತ್ತು ವರ್ಷದ ಹಿಂದಿನ ಫೋಟೋವನ್ನೂ ಇವತ್ತು ಸ್ಟ್ಯಾಂಪ್ ಮಾಡಬಹುದಲ್ಲ. ನನ್ನ ಓನರ್ ಸ್ವಲ್ಪ ಬುದ್ಧಿವಂತರಾಗಿದ್ದರೆ, "ಇದು ಬೇರೆ ಯಾವುದೋ ಮನೆಯ ಹಳೇ ಫೋಟೋ" ಎನ್ನುತ್ತಿದ್ದರು. ಇದಕ್ಕೆ ಸತೋಷಿ ಮಾಡಿದ್ದನ್ನೇ ಮಾಡಿ. ವಿಡಿಯೋ ತೆಗೆಯುವಾಗ ಆ ದಿನದ ದಿನಪತ್ರಿಕೆಯ ಮುಖಪುಟವನ್ನು ಬಿರುಕಿನ ಪಕ್ಕ ಹಿಡಿದು ತೋರಿಸಿ. ಇಲ್ಲವೇ ಅದೇ ಹೊತ್ತಿನ ಹೊಸ ಬಿಟ್‌ಕಾಯಿನ್ ಬ್ಲಾಕಿನ ಹ್ಯಾಶ್ ಅನ್ನು ಚೀಟಿಯಲ್ಲಿ ಬರೆದು ತೋರಿಸಿ, ಅದನ್ನು ಮುಂಚೆಯೇ ಊಹಿಸಲು ಯಾರಿಗೂ ಆಗದು. ವಿಡಿಯೋ ಅದಕ್ಕಿಂತ ಹಳೆಯದಲ್ಲ ಎಂದಾಯಿತು. ಕೂಡಲೇ ಸ್ಟ್ಯಾಂಪ್ ಮಾಡಿದರೆ ಅದಕ್ಕಿಂತ ಹೊಸದೂ ಅಲ್ಲ. ಎರಡೂ ಕಡೆ ಗೂಟ ಹೊಡೆದಂತೆ. ಕಳ್ಳ ಎಡಿಟಿಂಗ್ ಮಾಡಲು ಉಳಿಯುವುದು ನಡುವಿನ ಕೆಲವು ಗಂಟೆ ಮಾತ್ರ.

ಕೋರ್ಟಿನಲ್ಲಿ ನಡೆಯುತ್ತದಾ?

ನಾನು ವಕೀಲನಲ್ಲ, ದೊಡ್ಡ ವಿಷಯವಿದ್ದರೆ ವಕೀಲರನ್ನೇ ಕೇಳಿ. ಆದರೆ ಒಂದು ವಿಷಯ ತಿಳಿದಿರಲಿ. 1 ಜುಲೈ 2024ರಿಂದ ಹಳೇ ಎವಿಡೆನ್ಸ್ ಆಕ್ಟ್ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಎಲೆಕ್ಟ್ರಾನಿಕ್ ಸಾಕ್ಷಿಗೆ ಬೇಕಾಗಿದ್ದ ಹಳೇ 65ಬಿ ಸರ್ಟಿಫಿಕೇಟಿನ ಜಾಗದಲ್ಲಿ ಈಗ 63ನೇ ಸೆಕ್ಷನ್ನಿನ ಸರ್ಟಿಫಿಕೇಟ್. ಅದರ ನಮೂನೆಯಲ್ಲಿ ಎಲೆಕ್ಟ್ರಾನಿಕ್ ದಾಖಲೆಯ ಹ್ಯಾಶ್ ಬರೆಯಲು ಜಾಗವೇ ಇದೆ, ಯಾವ ಲೆಕ್ಕದ್ದು ಎಂದು ಗುರುತು ಹಾಕಬೇಕು, ಶಾ-256 ಅದರಲ್ಲಿ ಒಂದು. ಭಾಗ ಎ ದಾಖಲೆ ಕೊಡುವವರದು, ಭಾಗ ಬಿ ತಜ್ಞರದು. ಓಟಿಎಸ್ ಫೈಲ್ ಇದ್ದ ಮಾತ್ರಕ್ಕೆ ಈ ಸರ್ಟಿಫಿಕೇಟ್ ಬೇಡ ಎಂದಲ್ಲ, ಅದು ಬೇಕೇ ಬೇಕು. ಆದರೆ ಸರ್ಟಿಫಿಕೇಟಿನಲ್ಲಿ ಬರೆಯುವ ಹ್ಯಾಶ್ ಮತ್ತು ಎರಡು ವರ್ಷದ ಹಿಂದೆ ಚೈನಿಗೆ ಸೇರಿದ ಹ್ಯಾಶ್ ಒಂದೇ ಎಂದು ತೋರಿಸಲು ನಿಮ್ಮ ಹತ್ತಿರ ಏನೋ ಇರುತ್ತದೆ. ಚೀನಾದ ಹಾಂಗ್‌ಝೌ ಇಂಟರ್‌ನೆಟ್ ಕೋರ್ಟ್ 2018ರಲ್ಲೇ ಒಂದು ಕಾಪಿರೈಟ್ ಕೇಸಿನಲ್ಲಿ ಬ್ಲಾಕ್‌ಚೈನಿನಲ್ಲಿಟ್ಟ ಸಾಕ್ಷಿಯನ್ನು ಒಪ್ಪಿಕೊಂಡಿತು.

ಕೋರ್ಟಿನ ಹೊರಗೂ ಇದಕ್ಕೆ ಕೆಲಸವಿದೆ. ಗ್ವಾಟೆಮಾಲಾದಲ್ಲಿ 2023ರ ಚುನಾವಣೆಯ ಮತ ಎಣಿಕೆ ಹಾಳೆಗಳ ಚಿತ್ರಗಳಿಗೆ ಓಪನ್‌ಟೈಮ್‌ಸ್ಟ್ಯಾಂಪ್ಸ್‌ನಿಂದಲೇ ತಾರೀಖು ಹಾಕಿದ್ದರು. ಆಮೇಲೆ ಅಲ್ಲಿನ ಪ್ರಾಸಿಕ್ಯೂಟರುಗಳು ಚುನಾವಣಾ ಕಚೇರಿಗೇ ನುಗ್ಗಿ ಮೂಲ ಹಾಳೆಗಳನ್ನು ಹೊತ್ತೊಯ್ದರು. ಕಾಗದ ಯಾರ ಕೈಯಲ್ಲಿ ಏನೇ ಆಗಲಿ, ಎಣಿಕೆ ಹೊತ್ತಿನ ಚಿತ್ರ ಯಾವುದು ಎಂದು ಯಾರು ಬೇಕಾದರೂ ಪರೀಕ್ಷಿಸಬಹುದಿತ್ತು.

ಹಂತ 6: ಇಟ್ಟುಕೊಳ್ಳುವುದು

ಮೂಲ ಫೈಲ್ ಹೋದರೆ ಓಟಿಎಸ್ ಫೈಲ್ ಬರೀ ಕಸ. ಓಟಿಎಸ್ ಹೋದರೆ ಮೂಲ ಫೈಲಿಗೆ ತಾರೀಖಿಲ್ಲ. ಎರಡನ್ನೂ ಒಟ್ಟಿಗೆ, ಕನಿಷ್ಠ ಎರಡು ಕಡೆ ಇಡಿ. ನಾನು ಒಂದು ಪೆನ್‌ಡ್ರೈವ್ ಮತ್ತು ಒಂದು ಕ್ಲೌಡ್ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಕ್ಲೌಡಿನಲ್ಲಿ ಫೋಟೋ ಆ್ಯಪಿಗೆ ಹಾಕಬೇಡಿ, ಅದು ಜಾಗ ಉಳಿಸಲು ಕುಗ್ಗಿಸಬಹುದು. ಡ್ರೈವ್ ತರಹದ ಜಾಗಕ್ಕೆ ಫೈಲ್ ಅಂತಲೇ ಹಾಕಿ. ಆರು ತಿಂಗಳಿಗೊಮ್ಮೆ ಒಂದೆರಡನ್ನು ತೆಗೆದು ವೆರಿಫೈ ಮಾಡಿ ನೋಡಿ, ಪೆನ್‌ಡ್ರೈವ್ ಯಾವಾಗ ಸಾಯುತ್ತದೆ ಎಂದು ಹೇಳಲಾಗದು.

ಈಗಿನ ಮನೆಗೆ ಬಂದ ದಿನ ಸಾಮಾನಿನ ಲಾರಿ ಇನ್ನೂ ದಾರಿಯಲ್ಲಿತ್ತು. ಖಾಲಿ ಮನೆಯಲ್ಲಿ ಪೇಪರ್ ಹಿಡಿದು ಗೋಡೆ ಗೋಡೆ ಸುತ್ತುತ್ತಿದ್ದ ನನ್ನನ್ನು ನೋಡಿ ಹೆಂಡತಿ ಮೊದಲು ನಕ್ಕಳು. ಆಮೇಲೆ, "ಸರಿ, ನೀವು ಊರಲ್ಲಿ ಇಲ್ಲದಾಗ ಓನರ್ ಬಂದರೆ ಈ ಓಟಿಎಸ್ಸೋ ಗೀಟಿಎಸ್ಸೋ ನಾನು ಹೇಗೆ ತೋರಿಸಲಿ?" ಎಂದಳು. ಹಾಗಾಗಿ ಈಗ ಆ ಫೋಲ್ಡರಿನಲ್ಲಿ ಇನ್ನೊಂದು ಫೈಲ್ ಇದೆ. ಯಾವ ಫೋಟೋ ಯಾವ ರೂಮಿನದು, ಯಾವ ಬ್ಲಾಕ್ ನಂಬರ್, ವೆಬ್‌ಸೈಟಿಗೆ ಹೋಗಿ ಮೊದಲು ಯಾವುದನ್ನು ಎಳೆದು ಬಿಡಬೇಕು, ಆಮೇಲೆ ಯಾವುದನ್ನು, ಎಲ್ಲ ಕನ್ನಡದಲ್ಲಿ ಹತ್ತು ಸಾಲು. ನೀವೂ ಒಂದು ಬರೆದಿಡಿ. ಅದನ್ನು ಸ್ಟ್ಯಾಂಪ್ ಮಾಡಬೇಡಿ, ಆಗಾಗ ತಿದ್ದಬೇಕಾಗುತ್ತದೆ.